ತಂಪು ಹುಡುಕಿಕೊಂಡು ಅಲಾಸ್ಕಾಕ್ಕೆ

ಜುಲೈ ತಿಂಗಳಲ್ಲಿ ಪೆಟ್ಟಿಗೆ ತುಂಬ ಸ್ವೆಟರು ತುರುಕಿಕೊಂಡು ನಾವಿರುವ ದೋಹಾದ ವಿಮಾನ ನಿಲ್ದಾಣಕ್ಕೆ ಹೋದವರು ಬಹುಶಃ ನಾವು ಮೂವರೇ. ಏಳು ವರ್ಷದ ಮಗಳು ರಿಯಾಳಿಗೆ ಉಬ್ಬಸ. ದೂಳುಗಾಳಿ ಎದ್ದಾಗಲೆಲ್ಲ ಅವಳ ಎದೆ ಸೀಟಿ ಹೊಡೆಯುತ್ತಿತ್ತು. "ರಜೆಯಲ್ಲಿ ಎಲ್ಲಾದರೂ ತಂಪು ಗಾಳಿಗೆ ಕರೆದೊಯ್ಯಿರಿ" ಎಂದಿದ್ದರು ಡಾಕ್ಟರು. ನಮ್ಮ ಮಂಗಳೂರಿನ ಮಳೆಗಾಲದ ಬೂಷ್ಟು ಅವಳಿಗೆ ಇನ್ನೂ ಆಗದು. ಅಲಾಸ್ಕಾದ ಫೇರ್‌ಬ್ಯಾಂಕ್ಸಿನಲ್ಲಿ ನನ್ನ ಹೆಂಡತಿ ಲವೀನಾಳ ಅಕ್ಕ ಫ್ಲೇವಿ ನರ್ಸ್ ಆಗಿದ್ದಳು. ಉತ್ತರ ಧ್ರುವದ ಕಡೆಯ ಊರು. ಅದಕ್ಕಿಂತ ತಂಪು ಎಲ್ಲಿ ಸಿಗಬೇಕು? ವಾರದ ರಜೆಯ ಶುಕ್ರವಾರ ದೋಹಾದ ಅಬು ಹಮೂರಿನ ಚರ್ಚಿನಂಗಳದಲ್ಲಿ ಗೆಳೆಯರು, "ನಮಗೂ ಸ್ವಲ್ಪ ಐಸು ತನ್ನಿ ಮಾರಾಯ್ರೆ" ಎಂದು ತಮಾಷೆ ಮಾಡಿ ಬೀಳ್ಕೊಟ್ಟರು.

ಲಂಡನ್, ಸಿಯಾಟಲ್ ದಾಟಿ ಮೂರನೆಯ ವಿಮಾನ ಇಳಿಯತೊಡಗಿದಾಗ ಕೆಳಗೆ ಊರೇ ಕಾಣಲಿಲ್ಲ. ಮೋಡವೆಂದುಕೊಂಡೆ. ಬಾಗಿಲು ತೆರೆದದ್ದೇ ತಡ, ಸುಟ್ಟ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು.

ನಿಲ್ದಾಣದಲ್ಲಿ ಫ್ಲೇವಿ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ನಿಂತಿದ್ದಳು. "ಕಾಡಿಗೆ ಬೆಂಕಿ ಬಿದ್ದದ್ದು ದೂರದಲ್ಲಿ. ನೀವು ವಿಮಾನ ಹತ್ತಿದ ಮೇಲೆ ಗಾಳಿ ಈ ಕಡೆ ತಿರುಗಿತು. ಮಳೆ ಇಲ್ಲ, ಮೂವತ್ತು ಡಿಗ್ರಿ ದಾಟಿದೆ. ನಮ್ಮಲ್ಲಿ ಎಸಿ ಸಹ ಇಲ್ಲ" ಎಂದಳು.

ಮೂವತ್ತು ಡಿಗ್ರಿ ಕೇಳಿ ನನಗೆ ನಗು ಬಂತು. ಮನೆ ಸೇರುವವರೆಗೆ ಅಷ್ಟೇ ಆ ನಗು. ಒಳಗಿನ ಬಿಸಿ ಹೊರಹೋಗದಂತೆ ಕಟ್ಟಿದ ಮನೆ ಅದು. ಕಿಟಕಿ ಮುಚ್ಚಿದರೆ ಬೇಯುತ್ತಿತ್ತು, ತೆರೆದರೆ ಹೊಗೆ. ಮಲಗುವ ಕೋಣೆಯ ಗಾಜಿಗೆ ಅಲ್ಯುಮಿನಿಯಂ ಹಾಳೆ ಅಂಟಿಸಿದ್ದರು. "ಪಪ್ಪಾ, ನಮ್ಮ ಅಲ್ ಹಿಲಾಲ್ ಫ್ಲಾಟ್ ಥರಾನೇ!" ಎಂದು ರಿಯಾ ಕುಣಿದಳು. ನಾವು ಸೆಕೆಗೆ ಅಂಟಿಸುತ್ತೇವೆ, ಅವರು ಅಲ್ಲಿಯ ಬೇಸಿಗೆಯಲ್ಲಿ ರಾತ್ರಿಯೂ ಬಿಡದ ಬೆಳಕಿಗೆ. ಹೊರಗೆ ಸೂರ್ಯ ಮಾತ್ರ ಹೊಗೆಯಲ್ಲಿ ಕೆಂಪಗೆ ಕೆಂಡದಂತೆ ನಿಂತಿದ್ದ. ನನಗೆ ನಿಜವಾಗಿ ಹೆದರಿಕೆ ಶುರುವಾದದ್ದು ಅದನ್ನು ನೋಡಿದ ಮೇಲೆ.

ಮರುದಿನ ಮಧ್ಯಾಹ್ನ ಸೆಕೆ ತಾಳದೆ ರಿಯಾ ಮುಖ ತೊಳೆಯಲು ಹೋದಳು. ದೋಹಾದ ಬೇಸಿಗೆಯಲ್ಲಿ ಮಾಳಿಗೆಯ ಟ್ಯಾಂಕ್ ನೀರು ಕುದಿಯುತ್ತದೆ. ಹಾಗಾಗಿ ನಾವು ಗೀಸರ್ ಆಫ್ ಮಾಡಿಡುತ್ತೇವೆ. ಮನೆಯೊಳಗೆ ಅದರಲ್ಲಿ ನಿಂತ ನೀರು ತಣ್ಣಗಿರುತ್ತದೆ. ಟ್ಯಾಂಕಿನಿಂದ ನೇರ ಬರುವ ನೀಲಿ ನಲ್ಲಿ ಬಿಸಿ, ಗೀಸರಿನ ಕೆಂಪು ನಲ್ಲಿ ತಂಪು. ಅಲ್ಲಿ ಹುಟ್ಟಿದ ಮಕ್ಕಳಿಗೆ ಬೇಸಿಗೆಯೆಂದರೆ ಕೆಂಪು ನಲ್ಲಿ. ಅವಳು ಫ್ಲೇವಿಯ ಮನೆಯಲ್ಲೂ ಅದನ್ನೇ ತಿರುಗಿಸಿ, ಬೊಗಸೆ ತುಂಬ ಮುಖಕ್ಕೆ ಎರಚಿಕೊಂಡಳು.

ಚೀರಾಟ ಕೇಳಿ ಓಡಿದೆವು. ಕೆನ್ನೆ ಕೆಂಪಾಗಿತ್ತು, ಸುಟ್ಟಿರಲಿಲ್ಲ. ಆದರೆ ಬಿಕ್ಕಿ ಬಿಕ್ಕಿ ಹೊಗೆ ಎಳೆದುಕೊಂಡು ಉಬ್ಬಸ ಏರಿತು, ಇನ್‌ಹೇಲರ್ ಪಂಪಿಗೂ ಬಗ್ಗಲಿಲ್ಲ. ತುಟಿ ನೀಲಿಗಟ್ಟತೊಡಗಿತು. "ಯಲ್ಲಾ, ಬೇಗ ಕಾರಿಗೆ!" ಎಂದು ನಾನು ದೋಹಾದ ರೂಢಿಯಲ್ಲಿ ಅರಬಿ ಬೆರೆಸಿಯೇ ಕೂಗಿದೆ. ಫ್ಲೇವಿ ತನ್ನ ಆಸ್ಪತ್ರೆಗೇ ಗಾಡಿ ಓಡಿಸಿದಳು. ಆಮ್ಲಜನಕ ಕೊಟ್ಟು ಮಗು ಸುಧಾರಿಸುವವರೆಗೆ ಲವೀನಾ ಜಪಸರ ಕೈಬಿಡಲಿಲ್ಲ. ಕೊನೆಗೆ, "ಇನ್ನು ಇವಳನ್ನು ಎಲ್ಲಿಗೆ ಕರ್ಕೊಂಡು ಹೋಗುವುದು ಹೇಳಿ?" ಎಂದಳು.

ಡಾಕ್ಟರು ಒಪ್ಪಿದ ಕೂಡಲೇ ವಾಪಸು ಟಿಕೆಟಿನ ದಿನ ಮುಂಚೆ ಮಾಡಿಸಿಕೊಂಡು ಹೊರಟೆವು. ಸ್ವೆಟರುಗಳ ಮಡಿಕೆ ಬಿಚ್ಚಿರಲಿಲ್ಲ. ದೋಹಾದಲ್ಲಿ ವಿಮಾನದ ಮೆಟ್ಟಿಲ ಮೇಲೆ ಬಿಸಿಗಾಳಿ ರಪ್ಪನೆ ಹೊಡೆದಾಗ, ಜನ್ಮದಲ್ಲಿ ಮೊದಲ ಬಾರಿ ಅದು ನನಗೆ ಹಿತವೆನಿಸಿತು.

ಮನೆ ಸೇರುವಷ್ಟರಲ್ಲಿ ಫ್ಲೇವಿಯ ಫೋನು. "ಬೆಂಕಿ ಹತ್ತಿರ ಬಂತು, ಮನೆ ಬಿಡಲು ತಯಾರಿರಿ ಅಂತ ಹೇಳಿದ್ದಾರೆ. ಬೇಕಾದರೆ ನಾವೂ ಅಲ್ಲಿಗೆ ಬರಬಹುದಾ? ನಿಮ್ಮಲ್ಲಿ ಎಸಿಯಾದರೂ ಉಂಟಲ್ಲ." ಬನ್ನಿ ಎಂದೆ. ಜುಲೈಯಲ್ಲಿ ತಂಪಿಗೆಂದು ದೋಹಾಕ್ಕೆ!

ಬಚ್ಚಲಿನಿಂದ ರಿಯಾಳ ಸ್ವರ ಕೇಳಿತು. ಬೇಸಿನ್ನಿನ ಮುಂದೆ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಪಪ್ಪಾ, ಈಗ ಯಾವುದು ತಂಪು?"

ನಮ್ಮದೇ ಮನೆಯ ನಲ್ಲಿ. ಆದರೂ ಮೊದಲು ನನ್ನ ಕೈ ಒಡ್ಡಿ ನೋಡಿದೆ.