ಅಪ್ಪನ ಎಡೆಗೆ ಕುಳಿತವನು

ಮುದ್ದೆಯನ್ನು ಅಗಿದು ತಿನ್ನುವವನ ಮಾತು ಕೇಳಿಕೊಂಡು ಮಂಡ್ಯ ಸೀಮೆಯ ಜನ ಊಟಕ್ಕೆ ಹೋಗುವ ಕಾಲ ಬಂತಲ್ಲ, ಏನು ಹೇಳೋಣ! ಕಣ್ಣಾರೆ ಕಂಡಿದ್ದೇನೆ. ಶ್ರೀರಂಗಪಟ್ಟಣದ ಹತ್ತಿರ ರಸ್ತೆ ಬದಿಯ ಹೋಟೆಲೊಂದಕ್ಕೆ ನನ್ನ ತಮ್ಮ ನನ್ನನ್ನು ಎಳೆದುಕೊಂಡು ಹೋಗಿದ್ದ. "ಯಾಪಾರ ಅಂದ್ರೆ ಇದು ಕಣಣ್ಣ, ನೋಡ್ಕೋ" ಅಂದ. ನೋಡಿದೆ. ಒಬ್ಬ ಹುಡುಗ ಮುದ್ದೆಯನ್ನು ದನ ಮೆಲುಕು ಹಾಕಿದ ಹಾಗೆ ಅಗಿಯುತ್ತ, ಕಣ್ಣು ಮುಚ್ಚಿ ತಲೆಯಾಡಿಸಿ, "ಬೆಂಕಿ ಗುರು, ಬೆಂಕಿ!" ಎಂದು ಮೊಬೈಲಿಗೆ ಹೇಳುತ್ತಿದ್ದ. ಎದುರಿನ ಸಾರನ್ನು ಅವನೂ ಅವನ ಜೊತೆಯವರೂ ಆಗಿನಿಂದ ಹಿಂದೆ ಮುಂದೆ ತಿರುಗಿಸಿ ಶೂಟಿಂಗ್ ಮಾಡಿ, ಅದು ಆರಿ ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿತ್ತು. ಬೆಂಕಿ ಎಲ್ಲಿ ಕಂಡಿತೋ ಅವನಿಗೇ ಗೊತ್ತು.

ನಮ್ಮದು ಪಾಂಡವಪುರದಲ್ಲಿ ಅಪ್ಪ ಹಾಕಿದ ಸಣ್ಣ ಮಿಲ್ಟ್ರಿ ಹೋಟೆಲು. ಮುಂದೆ ಹೋಟೆಲು, ಹಿಂದೆ ಮನೆ, ಎರಡರ ನಡುವೆ ಒಂದು ಬಾಗಿಲು. ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿದವರು, ಸಂತೆಗೆ ಬಂದವರು, ರೈಲಿಳಿದು ಬಂದವರು ಉಣ್ಣುತ್ತಿದ್ದರು, ಕೈ ತೊಳೆಯುತ್ತಿದ್ದರು, ಹೋಗುತ್ತಿದ್ದರು. ಸಾವಿರಾರು ಜನಕ್ಕೆ ಬಡಿಸಿದ ಅಪ್ಪನಿಗೆ ತಾನು ಮಾತ್ರ ನಾಲ್ಕು ಜನರ ಎದುರು ಉಣ್ಣುವುದೆಂದರೆ ಪ್ರಾಣಸಂಕಟ. ಎಲ್ಲರದೂ ಆದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಯಾರಾದರೂ ಒಳಗೆ ಬಂದರೆ ಬಾಯಿಗೆ ಹೋಗುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು. ಬಂದವರು ಹೋಗುವ ತನಕ ತುತ್ತು ಕೈಯಲ್ಲೇ. ಅವ್ವ ಒಬ್ಬಳು ಇದ್ದರೆ ತೊಂದರೆಯಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಡುಗೆ ಅವ್ವನದು, ಗಲ್ಲಾ ನನ್ನದು. ತಮ್ಮನಿಗೆ ರೀಲ್ಸಿನ ಹುಚ್ಚು ಹಿಡಿಯಿತು. ದೇವಲಾಪುರದ ಕಡೆಯಿಂದ ಒಂದು ಮುರುಕಲು ಗಾಡಿಚಕ್ರ ತಂದು ಗೋಡೆಗೆ ಒರಗಿಸಿದ. ಲಾಟೀನು ನೇತುಹಾಕಿ ಅದರೊಳಗೆ ಬಲ್ಬು ಇಟ್ಟ. ಗೋಡೆಯ ತುಂಬ ಮೀಸೆಯ ಪೈಲ್ವಾನನ ಚಿತ್ರ ಬರೆಸಿದ. ಆ ಪೈಲ್ವಾನನಿಗೂ ನಮ್ಮ ಬೋಟಿಗೊಜ್ಜಿಗೂ ಏನು ಸಂಬಂಧ ಅಂತ ಕೇಳಿದರೆ, "ನಿಂಗೆ ಗೊತ್ತಾಗಾಕಿಲ್ಲ ಬುಡು" ಅಂದ. ಕೊನೆಗೆ ಅವ್ವ ಸೌದೆ ಒಲೆಯ ಮುಂದೆ ಕೂತು ಊದುಕೊಳವೆ ಊದಬೇಕು, ರೀಲ್ಸಿನವರಿಗೆ ಹೊಗೆ ಬೇಕು ಎಂದು ಶುರುಮಾಡಿದ.

"ಹೊಗೆ ಕುಡ್ದು ಕಣ್ಣೋಯ್ತವೆ ಅಂತ ನಿಮ್ಮಪ್ಪ ಗ್ಯಾಸ್ ತಂದಿದ್ದು ಕಣ್ಲಾ," ಅಂದಳು ಅವ್ವ. "ಈ ಮುಂಡೇವ್ಕೆ ಹೊಗೆ ನೋಡಾಕೆ ಮೈಸೂರಿಂದ ಬರ್ಬೇಕಾ?"

ಇಷ್ಟು ಮಾಡಿದರೂ ಒಂದು ನರಪಿಳ್ಳೆ ತಿರುಗಿ ನೋಡಲಿಲ್ಲ. ತಮ್ಮ ಸಿಕ್ಕಸಿಕ್ಕವರಿಗೆಲ್ಲ ಮೆಸೇಜು ಕಳಿಸಿ ಕಾಯುತ್ತ ಕೂತ. ಮೈಸೂರಿನ ಒಬ್ಬ ಮಹಾನುಭಾವ ಮಾತ್ರ ಉತ್ತರ ಕೊಟ್ಟ. "ಮುದ್ದೆ, ನಾಟಿಕೋಳಿ ಎಲ್ಲಾ ಕಡೆ ಇದೆ ಬ್ರೋ, ನಿಮ್ಮಲ್ಲಿ ಹೊಸದೇನು?" ನಮ್ಮವನು ಯೋಚನೆ ಮಾಡಿದವನೇ, ಮಾರ್ಲಮಿ ಅಮಾವಾಸ್ಯೆಗೆ ಬನ್ನಿ, ವರ್ಷದಲ್ಲೇ ಒಳ್ಳೆಯ ಅಡುಗೆ ಅವತ್ತು, ಎಂದು ಬರೆದುಬಿಟ್ಟ.

ಮಾರ್ಲಮಿಗೆ ಹೋಟೆಲು ತೆಗೆಯುವುದಿಲ್ಲ. ಅವತ್ತಿನ ಅಡುಗೆ ಸತ್ತ ಹಿರಿಯರಿಗೆ. ಉಪ್ಪು ಸರಿಯಿದೆಯೇ ಎಂದು ಅವ್ವ ಕೂಡ ನಾಲಿಗೆಗೆ ಹಚ್ಚಿ ನೋಡುವುದಿಲ್ಲ. ಮನೆಯಲ್ಲಿ ಅಪ್ಪನ ಫೋಟೋ ಮುಂದೆ ಎಲೆ ಹಾಸಿ, ಮುದ್ದೆ, ಕೋಳಿಸಾರು, ಬೋಟಿ, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ ಇಟ್ಟು, ದೀಪ ಹಚ್ಚಿ, ನಾವೆಲ್ಲ ಹೋಟೆಲಿನ ಕಡೆ ಬಂದು ನಡುವಿನ ಬಾಗಿಲು ಮುಚ್ಚುತ್ತೇವೆ. ಹಿರಿಯರು ಬಂದು ಉಂಡು ಹೋಗುತ್ತಾರೆ. ಆಮೇಲೆ ಮೊದಲು ಬಾಗಿಲು ತೆಗೆಯುವವಳು ಅವ್ವ. ಎಲೆಯನ್ನು ಬಗ್ಗಿ ನೋಡುತ್ತಾಳೆ. ಏನೂ ಬದಲಾಗಿರುವುದಿಲ್ಲ. ಆದರೂ, "ಮುದ್ದೆ ಒಂದ್ ಮಗ್ಗುಲಿಗೆ ವಸಿ ತಗ್ಗಿ ಅದೆ ನೋಡ್ಲಾ" ಅನ್ನುತ್ತಾಳೆ. ನಾನೂ ಹೂಂ ಅನ್ನುತ್ತೇನೆ. ಅವಳಿಗೆ ಅಷ್ಟೇ ಸಾಕು.

ಆ ಮಹಾನುಭಾವ ಬಂದ, ಕ್ಯಾಮೆರಾ ಹಿಡಿಯುವ ಒಬ್ಬನ ಜೊತೆ. ಆಗಷ್ಟೇ ಎಡೆ ಇಟ್ಟು ಬಾಗಿಲು ಮುಚ್ಚಿದ್ದೆವು. "ಬೆಳಕು ಹೋಗ್ತಾ ಇದೆ ಬ್ರೋ, ನಾಗಮಂಗಲದಲ್ಲಿ ಇನ್ನೊಂದು ಶೂಟ್ ಇದೆ" ಅಂದ. ವಸಿ ತಡೀರಿ ಅಂದೆವು. ಕೈಕಾಲು ತೊಳೆಯಬೇಕು ಅಂದ. ಮನೆಯ ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಹೋಗುವ ದಾರಿಯನ್ನು ನನ್ನ ತಮ್ಮ ತೋರಿಸಿದ. ಬಂದವರಿಬ್ಬರೂ ಹೋದರು.

ಸ್ವಲ್ಪ ಹೊತ್ತಿಗೆ ಅವ್ವ ಬಾಗಿಲು ತೆಗೆದಳು. ಎಲೆಯ ಮೇಲಿನ ಮುದ್ದೆ ಅರ್ಧ ಇರಲಿಲ್ಲ. ಸಾರಿನಲ್ಲಿ ಬೆರಳಾಡಿತ್ತು. ಕೋಳಿಯ ಕಾಲಿನ ಮೂಳೆ ಎಲೆಯ ಅಂಚಿಗೆ ಚೊಕ್ಕವಾಗಿ ಕೂತಿತ್ತು. ಅವ್ವ ಅಲ್ಲೇ ಕುಸಿದು ಕೂತಳು.

"ಬಂದಿದ್ರು ಕಣ್ಲಾ! ನಿಮ್ಮಪ್ಪ ಬಂದಿದ್ರು! ಎಷ್ಟ್ ಹಸ್ಕೊಂಡಿದ್ರೋ ಏನೋ, ನೋಡ್ಲಾ ಇಲ್ಲಿ!"

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಅಪ್ಪ ಸತ್ತ ಮೇಲೆ ಅವಳ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಅವಳ ತಲೆಯ ಮೇಲಿಂದ ನನಗೆ ಹಿತ್ತಲ ಬಾಗಿಲು ಕಾಣುತ್ತಿತ್ತು. ಅದು ತೆರೆದಿತ್ತು. ನಲ್ಲಿಯ ಹತ್ತಿರ ಆ ಮಹಾನುಭಾವ ಬೆರಳು ನೆಕ್ಕಿಕೊಳ್ಳುತ್ತಿದ್ದ, ಇನ್ನೊಬ್ಬ ಮೊಬೈಲಿನಲ್ಲಿ ಏನೋ ತೋರಿಸುತ್ತಿದ್ದ, ಇಬ್ಬರೂ ಹಲ್ಲು ಕಿರಿಯುತ್ತಿದ್ದರು. ತಮ್ಮನಿಗೂ ಕಂಡಿತು. ನನ್ನ ಮೈಯೆಲ್ಲ ಉರಿದುಹೋಯಿತು. ಹೋಗಿ ಅವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. ಹಿಸುಕಿದರೆ ಅವ್ವನಿಗೆ ಗೊತ್ತಾಗುತ್ತಿತ್ತು. ಹೋಗಿ ಹಿತ್ತಲ ಬಾಗಿಲು ಮುಚ್ಚಿ ಬಂದೆ.

ಅವ್ವ ಕಣ್ಣೊರೆಸಿಕೊಂಡು ಆ ಬೇವಾರ್ಸಿಯನ್ನೇ ಕರೆದು ಕೂರಿಸಿದಳು. "ನೀನ್ ಕಾಲಿಟ್ ಗಳಿಗೆ ಒಳ್ಳೇದು ಮಗ, ಉಣ್ಣು" ಎಂದು ಕೈಯಾರೆ ಬಡಿಸಿದಳು. ಅವನು ಎರಡನೇ ಸಲ ಉಂಡ, ಮೊದಲ ತುತ್ತಿಗೇ "ಬೆಂಕಿ" ಅಂದ. ಹೋಗುವಾಗ ಅವಳ ಕಾಲಿಗೂ ಬಿದ್ದ. ಕ್ಯಾಮೆರಾ ಸರಿಯಾಗಿ ಹಿಡಿಯಲಿಲ್ಲವೆಂದು ಇನ್ನೊಂದು ಸಲ ಬಿದ್ದ. ಥೂ!

ರೀಲ್ಸು ಬಂತು. ಅಪ್ಪನ ಫೋಟೋ, ದೀಪ, ಮುಚ್ಚಿದ ಬಾಗಿಲು, ಎಲೆಯ ಮುಂದೆ ಚಕ್ಕಂಬಕ್ಕಲ ಹಾಕಿ ಕೂತ ಅವನು. "ಸತ್ತೋರಿಗೆ ಇಟ್ಟ ಊಟ, ಕದ್ದು ತಿಂದೆ ಗುರು!" ಜನ ನಗುವ ಚಿತ್ರ ಒತ್ತಿದ್ದೇ ಒತ್ತಿದ್ದು. ಬೆಳಗೊಳದಿಂದ ಊಟಕ್ಕೆ ಬರುವ ಹೆಂಗಸೊಬ್ಬಳು, "ನಿಮ್ಮನೆ ಮೊಬೈಲಲ್ಲಿ ಬಂದದೆ ಕಣಕ್ಕೋ" ಎಂದು ಅವ್ವನ ಕೈಗೇ ಫೋನು ಕೊಟ್ಟಳು. ಅವ್ವ ಪೂರ್ತಿ ನೋಡಿದಳು. ಫೋನು ವಾಪಸು ಕೊಟ್ಟು ಒಳಗೆ ಹೋಗಿ ಮುದ್ದೆ ತಪ್ಪಲೆ ತಿಕ್ಕತೊಡಗಿದಳು. ನಾನು ಹಿಂದೆಯೇ ಹೋದೆ.

"ನಿಂಗೆ ಗೊತ್ತಿತ್ತೇನ್ಲಾ?"

"ಊಂ ಕಣವ್ವ."

"ಅಂಗಾರೆ ಅವತ್ತು ಬಂದಿರ್ಲಿಲ್ಲ," ಅಂದಳು.

ಆಮೇಲೆ ಬಂದವು ನೋಡಿ ಹಿಂಡುಹಿಂಡಾಗಿ! ಮೈಸೂರು, ಕೆ.ಆರ್. ಪೇಟೆ, ಬೆಂಗಳೂರು, ಎಲ್ಲಿಂದೆಲ್ಲಿಂದಲೋ. ಎಲ್ಲರಿಗೂ ಅದೇ ಎಲೆ ಬೇಕು, ಅದೇ ಫೋಟೋ ಬೇಕು. ನನ್ನ ತಮ್ಮ, ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು, ಅಪ್ಪನ ಫೋಟೋವನ್ನು ದೊಡ್ಡ ಫ್ಲೆಕ್ಸು ಮಾಡಿಸಿ ಹೋಟೆಲಿನಲ್ಲಿ ಕಟ್ಟಿದ. ಬೋರ್ಡಿನ ಮೇಲೆ 'ಎಡೆ ಊಟ' ಎಂದು ಬರೆಸಿದ. ಪ್ರತಿ ಎಲೆಗೂ ಒಂದು ದೀಪ, ಎರಡು ಬೀಡಿ. ನಾನು ಕೂಗಾಡಿದೆ, ಗಲ್ಲಾ ಬಿಟ್ಟು ಎದ್ದು ಹೋದೆ, ಅವ್ವನ ಮುಖ ನೋಡಿ ವಾಪಸು ಬಂದೆ. "ಯಾಪಾರ ಆಯ್ತಾ ಇಲ್ವೇನಣ್ಣ?" ಅನ್ನುತ್ತಾನೆ. ಆಗುತ್ತಿದೆ. ಕಾರ್ಖಾನೆಯವರಿಗೆ ಈಗ ಕೂರಲು ಜಾಗವಿಲ್ಲ. ಈ ಮೊಬೈಲಿನವರು ಅಪ್ಪನ ಎದುರು ಕೂತು ಮುದ್ದೆ ಅಗಿಯುತ್ತಾರೆ, ಅರ್ಧ ಬಿಟ್ಟು ಏಳುತ್ತಾರೆ.

ಈ ಸಲದ ಮಾರ್ಲಮಿಗೆ ಎಂದಿನಂತೆ ಹೋಟೆಲು ಮುಚ್ಚಿ ಎಡೆ ಇಟ್ಟೆವು. ಹಿತ್ತಲ ಬಾಗಿಲಿಗೆ ನಾನೇ ಬೀಗ ಹಾಕಿದೆ. ಎಲ್ಲರೂ ಹೊರಗೆ ಬಂದೆವು. ನಾನು ಬಾಗಿಲು ಎಳೆಯಲು ಹೋದರೆ ಅವ್ವ ಕೈ ಹಿಡಿದಳು.

"ಹಾಕ್ಬ್ಯಾಡ ಬುಡು. ಅವ್ರು ಬರಾಕಿಲ್ಲ."

"ಯಾಕವ್ವ ಅಂಗಂತೀಯ?"

"ನಾಕ್ ಜನದ ಮುಂದೆ ಉಂಡೋರಲ್ಲ ಕಣ್ಲಾ ನಿಮ್ಮಪ್ಪ. ಈಗ ಊರ್ ಊರೇ ಅವ್ರ ಎಲೆ ನೋಡ್ತಾ ಕುಂತದೆ."

ಅಷ್ಟರಲ್ಲಿ ಹೋಟೆಲಿನ ಮುಂದೆ ಕಾರು ನಿಂತಿತು. ಹುಡುಗ ಹುಡುಗಿಯರು ಇಳಿದರು, ಒಬ್ಬಳ ಕೈಯಲ್ಲಿ ಆಗಲೇ ಮೊಬೈಲು ಎದ್ದಿತ್ತು. "ಅಣ್ಣಾ, ಎಡೆ ಊಟ ಇದೆಯಾ?" ತಮ್ಮ ಮೊದಲ ಸಲ ತಲೆ ತಗ್ಗಿಸಿದ.

ಅವ್ವ ಒಳಗೆ ಹೋಗಿ ಎಲೆಯ ಪಕ್ಕದ ಬೀಡಿ ಕಟ್ಟನ್ನು ಎತ್ತಿ ಸೆರಗಿಗೆ ಕಟ್ಟಿಕೊಂಡಳು. ಆಮೇಲೆ ಅಪ್ಪನ ಎಲೆಯನ್ನು ತೋರಿಸಿ ತಮ್ಮನಿಗೆ ಹೇಳಿದಳು.

"ಇದ್ನೇ ತಕ್ಕೊಂಡೋಗಿ ಕೊಡ್ಲಾ. ಬಿಸಿಯಾಗೇ ಅದೆ. ಇನ್ನೂ ಯಾರೂ ಮುಟ್ಟಿಲ್ಲ."