ಕೋಡಿಹಳ್ಳಿಯ ಒಲೆ

ಕೋಡಿಹಳ್ಳಿ ಬಸ್ ಸ್ಟ್ಯಾಂಡ್ ಎದುರಿನ ಸಣ್ಣ ಹೋಟೆಲಿನ ಜಗಲಿಯಲ್ಲಿ ಬೆಳಿಗ್ಗೆಯೇ ಇಬ್ಬರು ರೈತರ ಜಗಳ. ಗ್ಯಾಸ್ ಸಿಲಿಂಡರ್ ಸಿಗುತ್ತಿಲ್ಲ, ಸಿಕ್ಕರೂ ಕೈ ಸುಡುವ ಬೆಲೆ.

"ಎಲ್ಲಾ ನಿಮ್ ದಿಲ್ಲಿಯೋರು ಮಾಡಿದ್ದು ಕಣ್ಲಾ."

"ನಿಮ್ ಬೆಂಗ್ಳೂರೋರು ಏನ್ಲಾ ಕಡ್ದು ಗುಡ್ಡೆ ಹಾಕವ್ರೆ?"

ಗ್ಯಾಸೇ ಇಲ್ಲದ ಮೇಲೆ ಇನ್ನು ಇಡ್ಲಿ ಸಿಕ್ಕಂತೆಯೇ ಎಂದುಕೊಂಡು ಹೊರಟೆ. "ಒಸಿ ಕೂತ್ಕಳಿ ಸಾ, ಇಡ್ಲಿ ಐತೆ" ಎಂದರು ಹೋಟೆಲಿನ ಜಯಮ್ಮ. ಹಿತ್ತಲಲ್ಲಿ ಸೌದೆ ಒಲೆ ಉರಿಯುತ್ತಿತ್ತು. ಸೌದೆಯೆಂದರೆ ಹಿಪ್ಪುನೇರಳೆ ಕಡ್ಡಿ. ರೇಷ್ಮೆಹುಳು ಸೊಪ್ಪು ತಿಂದು ಬಿಟ್ಟಿದ್ದು. ಒಣಗಿಸಿ ಕಟ್ಟಿದ ಹೊರೆಗಳು ಗೋಡೆಗೆ ಒರಗಿದ್ದವು.

"ಯಾರು ಕೊಟ್ಟರಮ್ಮ?"

ಜಯಮ್ಮ ಜಗಲಿಯತ್ತ ಸೌಟು ತೋರಿಸಿದರು. "ಅವ್ರಿಬ್ರೇ ಸಾ. ಬ್ಯಾಡ ಅಂದ್ರೂ ತಂದಾಕ್ತಾರೆ."

ಬೆಲೆ ಏರಿದ್ದರಲ್ಲಿ ಎರಡೂ ಕಡೆಯ ನಾಯಕರ ಪಾಲಿದೆ, ಅವರನ್ನು ಬಿಡಬಾರದು ಎಂದೇ ನನ್ನ ಸಿಟ್ಟು. ಆದರೆ ನನ್ನ ತಟ್ಟೆಗೆ ಬಿದ್ದ ಬಿಸಿ ಇಡ್ಲಿಯಲ್ಲಿ ಆ ನಾಯಕರ ಪಾಲು ಎಳ್ಳಷ್ಟೂ ಇರಲಿಲ್ಲ. ಹೊಗೆಯ ಘಮ ಬೆರೆತ ಆ ಇಡ್ಲಿಗಾಗಿ ಯಾರಿಗೆ ಕೈ ಮುಗಿಯಬೇಕೆಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಒಲೆಯ ಉರಿ ಮಂಕಾಗಿ ಹೊಗೆ ಜಗಲಿಗೂ ಬಂತು. ದಿಲ್ಲಿಯನ್ನು ಬೈಯುತ್ತಿದ್ದವನು ಮಾತು ಅರ್ಧಕ್ಕೇ ಬಿಟ್ಟು ಎದ್ದು ಒಲೆಯ ಬಳಿ ಬಂದ. ಕಡ್ಡಿ ಮುಂದಕ್ಕೆ ತಳ್ಳಿ, ಕಣ್ಣಲ್ಲಿ ನೀರು ಬರುವಷ್ಟು ಊದಿ, ಉರಿ ಎದ್ದ ಮೇಲೆ ಮತ್ತೆ ಬೈಯಲು ಹೋಗಿ ಕೂತ.