ಬೆಟ್ಟದ ಮೇಲೆ ಹೆಣ್ಣು ನೋಡುವ ಶಾಸ್ತ್ರ

ನನ್ನ ಮಗಳನ್ನು ನೋಡಲು ಬಂದ ಹುಡುಗ ಹೋದ ಭಾನುವಾರ ಬೆಟ್ಟದ ನಡುವೆ ಕುಳಿತುಬಿಟ್ಟ. ಇನ್ನು ಒಂದು ಮೆಟ್ಟಿಲೂ ಹತ್ತುವುದಿಲ್ಲ ಎಂದ.

ಹೆಣ್ಣು ನೋಡುವುದಕ್ಕೂ ಬೆಟ್ಟಕ್ಕೂ ಏನ್ರೀ ಸಂಬಂಧ ಎಂದು ನೀವು ಕೇಳುತ್ತೀರಿ. ನಾನೂ ಅದನ್ನೇ ಕೇಳಿದ್ದೆ.

ನನ್ನ ಮಗಳು ಅನಘ ಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ವಾರವಿಡೀ ಜನರ ಸೊಂಟ, ಮಂಡಿ, ಭುಜ. ಭಾನುವಾರ ಬಂತೆಂದರೆ ಗೆಳತಿಯರ ಜೊತೆ ಯಾವುದಾದರೊಂದು ಬೆಟ್ಟ. ಏಪ್ರಿಲ್ ಬಿಸಿಲಿಗೂ ಹೆದರುವ ಪೈಕಿ ಅಲ್ಲ. ಇಂಥವಳನ್ನು ಸೀರೆ ಉಡಿಸಿ, ಕೇಸರಿಬಾತ್ ತಟ್ಟೆ ಕೈಗೆ ಕೊಟ್ಟು, ಹಾಲ್‌ಗೆ ಕಳಿಸುವ ಕೆಲಸವನ್ನು ನಾನು ಹಲವು ಸಲ ಮಾಡಿದ್ದೇನೆ. ಪ್ರತಿ ಸಲವೂ ಅದೇ ಸೋಫಾ, ಅದೇ ನಗು, 'ಹಾಬೀಸ್ ಏನಮ್ಮಾ' ಎನ್ನುವ ಅದೇ ಪ್ರಶ್ನೆ.

ಕೊನೆಗೆ ಒಂದು ದಿನ ಅವಳು ಹಟ ಹಿಡಿದಳು. "ಸೋಫಾ ಮೇಲೆ ಕೂತ್ರೆ ಎಲ್ಲರೂ ಒಳ್ಳೆಯವರೇ ಅಮ್ಮ. ಮುಂದಿನ ಹುಡುಗ ಯಾರೇ ಆಗ್ಲಿ, ಎರಡೂ ಮನೆಯವರು ಒಟ್ಟಿಗೆ ಬೆಟ್ಟ ಹತ್ತೋಣ. ಇಲ್ದಿದ್ರೆ ನಾನು ಬರಲ್ಲ."

ಮುಂದಿನ ಹುಡುಗ ವಿನಯ್. ಪದ್ಮನಾಭನಗರದಲ್ಲಿ ಪಶುವೈದ್ಯ. ನಾಯಿ, ಬೆಕ್ಕು, ಗಿಳಿ ಎಲ್ಲಕ್ಕೂ ಡಾಕ್ಟರು. ಅವನ ತಂದೆ ರಾಮಚಂದ್ರಪ್ಪನವರು ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರಾಗಿ ರಿಟೈರ್ ಆದವರು. ಇವರು ಬೈದು ಫೋನ್ ಇಡುತ್ತಾರೆ ಎಂದುಕೊಂಡೇ ನಾನು ಬೆಟ್ಟದ ವಿಷಯ ಎತ್ತಿದೆ. ಅವರಿಗೆ ಎಷ್ಟು ಖುಷಿಯಾಯಿತೆಂದರೆ, ಮಗನನ್ನು ಕೇಳದೆಯೇ ಒಪ್ಪಿಕೊಂಡುಬಿಟ್ಟರು. ತಮ್ಮ ಮನೆಯಲ್ಲಿ ಎಲ್ಲರೂ ಫಿಟ್ ಎಂದು ಬೇರೆ ಸೇರಿಸಿದರು.

(ಮಗನನ್ನು ಕೇಳದೆಯೇ. ಈ ಮಾತನ್ನು ಆಗಲೇ ಗಮನಿಸಬೇಕಿತ್ತು.)

ಬನಶಂಕರಿಯ ಮನೆಯಿಂದ ನಾನು, ನನ್ನ ಯಜಮಾನರು, ಅನಘ ಹೊರಟಾಗ ಬೀದಿದೀಪ ಇನ್ನೂ ಆರಿರಲಿಲ್ಲ. ಡಬ್ಬಿ ತುಂಬ ಇಡ್ಲಿ, ಫ್ಲಾಸ್ಕ್ ತುಂಬ ಕಾಫಿ. ನನಗೋ, ಸ್ಕೂಲ್ ಟ್ರಿಪ್ಪಿಗೆ ಹೊರಟ ಹುಡುಗಿಯ ಹಾಗೆ ಡಬ್ಬಿಗಳನ್ನು ಮತ್ತೆ ಮತ್ತೆ ಎಣಿಸುವ ಕೆಲಸ. ನೆಪ ಮಗಳದು, ಸಂಭ್ರಮ ನನ್ನದು. ನೈಸ್ ರಸ್ತೆ ದಾಟಿ, ತುಮಕೂರು ರಸ್ತೆ ಹಿಡಿದು, ಶಿವಗಂಗೆಯ ತಪ್ಪಲು ತಲುಪಿದಾಗ ಅವರು ಮೂವರೂ ಆಗಲೇ ಬಂದು ನಿಂತಿದ್ದರು. ಮೇಷ್ಟ್ರು ಬಿಳಿ ಕ್ಯಾನ್ವಾಸ್ ಶೂನಲ್ಲಿ, ಅವರ ಹೆಂಡತಿ ಗಿರಿಜಾ ನೂಲಿನ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ವಿನಯ್ ಯಾಕೋ ಬೆಟ್ಟಕ್ಕೆ ಬೆನ್ನು ಹಾಕಿ.

ಹತ್ತತೊಡಗಿದೆವು. ಒಂದಿಷ್ಟು ಮೆಟ್ಟಿಲು ಹತ್ತುವವರೆಗೆ ಎಲ್ಲರೂ ಬೀಗರ ಭಾಷೆಯಲ್ಲೇ ಮಾತಾಡುತ್ತಿದ್ದೆವು. 'ತಾವು', 'ದಯವಿಟ್ಟು', 'ಪರವಾಗಿಲ್ಲ ಬಿಡಿ'. ಅದಾದ ಮೇಲೆ ಏದುಸಿರು ಶುರುವಾಯಿತು ನೋಡಿ, ಮರ್ಯಾದೆಯೆಲ್ಲ ಬೆವರಿನ ಜೊತೆ ಇಳಿದುಹೋಯಿತು. ಗಿರಿಜಾ ನನ್ನ ಬಾಟಲಿಯಿಂದಲೇ ನೀರು ಕುಡಿದರು. ನಾನು ಅವರ ಭುಜ ಹಿಡಿದುಕೊಂಡೇ ಚಪ್ಪಲಿ ಸರಿಮಾಡಿಕೊಂಡೆ. ಸೋಫಾ ಮೇಲಾಗಿದ್ದರೆ ಇಷ್ಟು ಹತ್ತಿರವಾಗಲು ಎಷ್ಟು ಹಬ್ಬ ಬೇಕಾಗುತ್ತಿತ್ತೋ!

ದಾರಿಯಲ್ಲಿ ಕೋತಿಗಳ ದಂಡು. ಒಂದು ಗಡವ ಗಿರಿಜಾ ಅವರ ಎದುರಿಗೇ ಬಂದು ಕುಳಿತು ಹಲ್ಲು ಕಿರಿಯಿತು. ನಾವೆಲ್ಲ ಹಿಂದೆ ಸರಿದೆವು. ವಿನಯ್ ಮಾತ್ರ ನಿಧಾನವಾಗಿ ಮುಂದೆ ಬಂದು, ಅದರ ಕಣ್ಣು ನೋಡಬೇಡ ಎಂದು ಅಮ್ಮನಿಗೆ ಹೇಳಿ, ಅವರ ಕೈಲಿದ್ದ ಚೀಲವನ್ನು ತನ್ನ ಬೆನ್ನ ಹಿಂದೆ ಇಟ್ಟುಕೊಂಡು ನಿಂತ. ಕೋತಿ ಸ್ವಲ್ಪ ಹೊತ್ತು ಯೋಚಿಸಿ ಎದ್ದುಹೋಯಿತು. ಅನಘ ಅದನ್ನು ನೋಡಿದಳು. ಅವಳು ನೋಡಿದ್ದನ್ನು ನಾನು ನೋಡಿದೆ.

ಒಳಕಲ್ಲು ತೀರ್ಥ ಬಂತು. ಬಂಡೆಯೊಳಗಿನ ಕಿರಿದಾದ ಕುಳಿಗೆ ಕೈ ಹಾಕಬೇಕು, ನೀರು ಸಿಕ್ಕವರು ಪುಣ್ಯವಂತರು ಎಂಬ ನಂಬಿಕೆ. ಅನಘ ಭುಜದವರೆಗೂ ಕೈ ಇಳಿಸಿದಳು. ಸಿಗಲಿಲ್ಲ. ಮೇಷ್ಟ್ರ ಮುಖ ಸಣ್ಣದಾಯಿತು. ವಿನಯ್ ತಾನೂ ಕೈ ಹಾಕಿ ನೋಡಿ, ಬೇಸಿಗೆಯಲ್ಲಿ ನೀರು ಕೆಳಗಿಳಿದಿರುತ್ತದೆ ಎಂದು ತಂದೆಗೆ ಮೆಲ್ಲಗೆ ಹೇಳಿದ. ಹುಡುಗ ಪರವಾಗಿಲ್ಲ ಅನ್ನಿಸಿತು ನನಗೆ. ಮನಸ್ಸಿನಲ್ಲೇ ಛತ್ರ ಹುಡುಕತೊಡಗಿದೆ.

ಅಲ್ಲಿಂದ ಮೇಲೆ ದಾರಿ ಕಡಿದು. ಬೋಳು ಬಂಡೆಯಲ್ಲೇ ಕಡಿದ ಮೆಟ್ಟಿಲು, ಹಿಡಿಯಲು ಕಬ್ಬಿಣದ ಕಂಬಿ, ಪಕ್ಕದಲ್ಲಿ ಬರೀ ಆಕಾಶ. ವಿನಯ್ ಕಂಬಿ ಹಿಡಿದು ಸ್ವಲ್ಪ ದೂರ ಹತ್ತಿದ. ನಿಂತ. ಮತ್ತೆ ಸ್ವಲ್ಪ ಹತ್ತಿದ. ಆಮೇಲೆ ಬಂಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟ. ಮುಖದಲ್ಲಿ ರಕ್ತವೇ ಇರಲಿಲ್ಲ.

ಮೇಲಿನಿಂದ ಮೇಷ್ಟ್ರು ತಿರುಗಿ ನೋಡಿದರು. "ಏಳೋ. ಏನಿದು? ಹುಡುಗಿ ಮನೆಯವರ ಮುಂದೆ ಮಾನ ಕಳೀಬೇಡ."

ವಿನಯ್ ತಂದೆಯ ಕಡೆ ನೋಡಲಿಲ್ಲ. ಅನಘಳ ಕಡೆ ನೋಡಿದ. "ನನಗೆ ಎತ್ತರ ಅಂದ್ರೆ ಭಯ. ಚಿಕ್ಕಂದಿನಿಂದ್ಲೂ. ಇಲ್ಲೀವರೆಗೂ ಹೆಂಗೋ ಬಂದೆ, ಇನ್ನು ಆಗಲ್ಲ. ಸಾರಿ. ನೀವು ಹೋಗ್ಬನ್ನಿ."

ಹಿಂದೆ ಹತ್ತುತ್ತಿದ್ದ ಯಾರದೋ ಸಂಸಾರ ಕೂಡ ನಿಂತು ನೋಡುತ್ತಿತ್ತು. ನನ್ನ ಮಗಳು ಏನು ಮಾಡಬೇಕಿತ್ತು? ಪಕ್ಕದಲ್ಲಿ ಕುಳಿತು ಕೈ ಹಿಡಿಯಬೇಕಿತ್ತೇ? ಅವಳು ಹಾಗೇನೂ ಮಾಡಲಿಲ್ಲ. ತನ್ನ ನೀರಿನ ಬಾಟಲಿ ಅವನ ಪಕ್ಕ ಇಟ್ಟಳು.

"ಸರಿ. ಕೆಳಗೆ ನೋಡ್ಬೇಡಿ, ಎದುರಿಗಿರೋ ಬಂಡೆ ನೋಡ್ತಾ ಇರಿ. ನನಗೆ ತುದಿ ನೋಡ್ಲೇಬೇಕು, ಹೋಗ್ಬರ್ತೀನಿ."

ಹೊರಟೇಬಿಟ್ಟಳು. ನನ್ನ ಯಜಮಾನರು ತಾವು ಹುಡುಗನ ಜೊತೆ ಇರುವುದಾಗಿ ಹೇಳಿ ಅಲ್ಲೇ ಕುಳಿತರು. ಮೇಷ್ಟ್ರು ಯಾರಿಗೂ ಕಾಯದೆ ದುಡುದುಡು ಹತ್ತಿಹೋದರು. ಉಳಿದದ್ದು ನಾನು ಮತ್ತು ಗಿರಿಜಾ. ಅವರು ಮಗನನ್ನು ನೋಡಿದರು, ಬೆಟ್ಟವನ್ನು ನೋಡಿದರು. ಮಗ ಕೈ ಬೀಸಿ ಹೋಗು ಎಂದ. ಹೊರಟರು.

ತುದಿಯ ಬಗ್ಗೆ ಏನು ಹೇಳಲಿ? ಬಂಡೆ ಕಾದಿತ್ತು, ನೆತ್ತಿ ಸುಡುತ್ತಿತ್ತು. ಆದರೆ ಆ ಗಾಳಿ! ಲೋಕದ ಗಾಳಿಯನ್ನೆಲ್ಲ ಯಾರೋ ನಮ್ಮಿಬ್ಬರಿಗೆಂದೇ ಬಿಟ್ಟ ಹಾಗಿತ್ತು. ಕಲ್ಲಿನ ನಂದಿಯ ಪಕ್ಕ ನಿಂತು ಕೆಳಗೆ ನೋಡಿದರೆ ಕೆರೆಗಳು ಬಟ್ಟಲಷ್ಟು, ಲಾರಿಗಳು ಇರುವೆಯಷ್ಟು. ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುವ ನಾನು ಇಷ್ಟು ಎತ್ತರ ಬಂದೆನೇ? ಕೂಗಬೇಕೆನ್ನಿಸಿತು. ಗಿರಿಜಾ ಆಗಲೇ ಕೂಗಿದ್ದರು. ಸೆರಗು ಬಾವುಟದ ಹಾಗೆ ಹಾರುತ್ತಿತ್ತು. ಅನಘ ಅವರ ಫೋಟೋ ತೆಗೆದಳು. ಒಂದಲ್ಲ, ಮೊಬೈಲ್ ತುಂಬ.

ನಗು ಇಳಿದ ಮೇಲೆ ಗಿರಿಜಾ ನನಗೆ ಮೆಲ್ಲಗೆ ಹೇಳಿದರು. ಮನೆಯ ಟೆರೇಸಿನ ಟ್ಯಾಂಕ್ ನೋಡಲು ಯಾವತ್ತೂ ತಾವೇ ಹೋಗುವುದಂತೆ, ಮಗನನ್ನು ಕಳಿಸುವುದಿಲ್ಲವಂತೆ. ನಿಮ್ಮ ಯಜಮಾನರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಮ್ಮನೇಲಿ ಭಯ ಆಗತ್ತೆ ಅಂತ ಹೇಳೋಕೇ ಭಯ ಕಣ್ರೀ."

ಮೇಷ್ಟ್ರು ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ನಾವು ವಾಪಸ್ ಬಂದಾಗ ವಿನಯ್ ಮತ್ತು ನನ್ನ ಯಜಮಾನರು ಉಪ್ಪುಖಾರ ಹಚ್ಚಿದ ಸೌತೆಕಾಯಿ ತಿನ್ನುತ್ತ, ನಮ್ಮ ಬೀದಿಯ ಮುದಿ ನಾಯಿಯ ಕೀಲುನೋವಿನ ಬಗ್ಗೆ ಗಹನವಾಗಿ ಚರ್ಚಿಸುತ್ತಿದ್ದರು. ಅನಘ ಹೋಗಿ ಅವರ ಜೊತೆ ಕುಳಿತು, ಆ ನಾಯಿಗೆ ಯಾವ ವ್ಯಾಯಾಮ ಮಾಡಿಸಬಹುದು ಎಂದು ಶುರುಮಾಡಿದಳು. ಇಳಿಯುವ ದಾರಿ ಪೂರ್ತಿ ಅವರದು ಅದೇ ಮಾತು.

ಸಂಜೆ ಮೇಷ್ಟ್ರ ಫೋನ್ ಬಂತು. ಹೀಗಾಗಬಾರದಿತ್ತು, ಕ್ಷಮಿಸಬೇಕು, ನಿಮ್ಮ ಮಗಳಂಥ ಹುಡುಗಿಗೆ ಬೇರೆ ಒಳ್ಳೆಯ ಸಂಬಂಧ ಸಿಗುತ್ತದೆ ಎಂದರು. ನಾನು ಸ್ಪೀಕರ್ ಹಾಕಿದ್ದೆ. ಅನಘ ನನ್ನ ಕೈಯಿಂದ ಫೋನ್ ತೆಗೆದುಕೊಂಡಳು.

"ಅಂಕಲ್, ನಾನು ಬೇಡ ಅಂದಿಲ್ವಲ್ಲ. ಕ್ಲಿನಿಕ್‌ಗೆ ದಿನಾ ಗಂಡಸರು ಬರ್ತಾರೆ. ನೋವಿದ್ರೂ ಇಲ್ಲ ಅಂತಾರೆ, ಭಯ ಇದ್ರೂ ಇಲ್ಲ ಅಂತಾರೆ. ಅಷ್ಟು ಜನರ ಎದುರಿಗೆ ಇವರು ಇದೆ ಅಂದ್ರು. ನನಗೆ ಅದು ಇಷ್ಟ ಆಯ್ತು. ಮುಂದಿನ ವಾರ ಅವರನ್ನ ಮತ್ತೆ ಭೇಟಿ ಮಾಡ್ಬೇಕು. ಕೆರೆ ದಂಡೇಲಿ ವಾಕಿಂಗ್ ಮಾಡ್ತೀವಿ."

ಮೇಷ್ಟ್ರು ನಿಧಾನವಾಗಿ ಹೇಳಿದರು. "ನನ್ನ ಮಗನಿಗೆ ಭಯ ಇದೆ ಅಂತ ನನಗೆ ಇವತ್ತೇ ಗೊತ್ತಾಗಿದ್ದಮ್ಮ."

ಒಂದೇ ಮನೆ, ಒಂದೇ ಊಟದ ಟೇಬಲ್, ಇಷ್ಟು ವರ್ಷ. ತಂದೆಗೆ ಗೊತ್ತಾದದ್ದು ನಮಗೆ ಗೊತ್ತಾದ ದಿನವೇ.

ಮುಂದೇನಾಗುತ್ತದೋ ನನಗೆ ಗೊತ್ತಿಲ್ಲ. ಮಗಳು ಹೊಸ ಕುರ್ತಾ ಕೊಂಡಿದ್ದಾಳೆ, ಅಷ್ಟು ಮಾತ್ರ ಹೇಳಬಲ್ಲೆ. ನನ್ನ ತೊಡೆ ಇನ್ನೂ ನೋಯುತ್ತಿದೆ, ಗಿರಿಜಾ ಮಾತ್ರ ಆಗಲೇ ಮುಂದಿನ ಬೆಟ್ಟ ಯಾವುದು ಎಂದು ಮೆಸೇಜ್ ಹಾಕಿದ್ದಾರೆ. ಅದರ ಜೊತೆಗೇ ಒಂದು ಪ್ರಶ್ನೆಯೂ ಬಿಡದೆ ಕಾಡುತ್ತಿದೆ. ಸಂಬಳ ಕೇಳುತ್ತೇವೆ, ಗೋತ್ರ ಕೇಳುತ್ತೇವೆ, ನಕ್ಷತ್ರ ಕೇಳುತ್ತೇವೆ, ಸ್ವಂತ ಮನೆಯೇ ಎಂದು ಕೇಳುತ್ತೇವೆ.

ನಿನಗೆ ಯಾವುದಕ್ಕಪ್ಪಾ ಭಯ ಎಂದು ಯಾರಾದರೂ ಕೇಳಿದ್ದೇವೆಯೇ?